ಅರವತ್ತೆರಡೋ ಎಪ್ಪತ್ತೊಂದೋ

ಚಾಮಯ್ಯನವರಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಏನಾದರೂ ಇತ್ತೋ ಇಲ್ಲವೋ, ಹೇಳುವುದು ಕಷ್ಟ. ಇದ್ದರೂ ಅವರೇ ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ನಂಜನಗೂಡಿನಲ್ಲಿ ಯಾರೂ ಕೇಳಿರಲಿಲ್ಲ. ನೀವು ನಾವಾದರೆ 'ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ' ಎನ್ನುವ ಕಡೆಯಲ್ಲಿ ಅವರು ಕಣ್ಣನ್ನು ಅರ್ಧ ಮುಚ್ಚಿ, 'ಹೂಂ ಹೂಂ, ಅದೇ, ಅದೇ' ಎನ್ನುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಅವರಿಗೆ ಹದಿನೆಂಟು ವರ್ಷದಿಂದ ಒಂದೇ ಮೇಜು, ಒಂದೇ ಕೆಲಸ. ವ್ಯವಸಾಯದ ಜಮೀನನ್ನು ಮನೆ ಸೈಟುಗಳಾಗಿ ಪರಿವರ್ತಿಸಲು ಅನುಮತಿ ಕೇಳಿ ಬರುವ ಕಡತಗಳೆಲ್ಲ ಆ ಮೇಜಿನ ಮೇಲೆಯೇ ಹಾದು ಹೋಗಬೇಕು. ಜನ ಈ ವ್ಯವಹಾರವನ್ನು 'ಕನ್ವರ್ಷನ್' ಎನ್ನುತ್ತಾರೆ. ಹೀಗಾಗಿ ಅವರೂ ಊರಿನ ಬಾಯಲ್ಲಿ 'ಕನ್ವರ್ಷನ್ ಚಾಮಯ್ಯ' ಆಗಿದ್ದರು, ಮತ್ತು ಆ ಹೆಸರು ಅವರಿಗೆ ಬಹಳ ಇಷ್ಟವಾಗಿತ್ತು.

ಈ 'ಹೂಂ ಹೂಂ' ಒಂದು ಸಲ ಮನೆಗೆ ದುಬಾರಿಯಾಗಿತ್ತು. ಹೋದ ವರ್ಷ ಬನ್ನೂರಿನಿಂದ ಮಗಳು ಮಧುಶ್ರೀಗೆ ಒಂದು ಸಂಬಂಧ ಬಂದಿತ್ತು. ಗಂಡಿನ ತಂದೆ ಸತ್ಯವಂತರು. ಮುಂದೆ ಮಾತು ಬರಬಾರದೆಂದು, ಹುಡುಗನಿಗೆ ಮೈಗ್ರೇನ್ ಇದೆ ಎಂದು ತಾವಾಗಿಯೇ ಹೇಳಿದರು. ಗ್ರೇನ್ ಎಂದರೆ ಧಾನ್ಯ ಎಂದಷ್ಟೇ ಬಲ್ಲ ಚಾಮಯ್ಯನವರು ಕಣ್ಣು ಅರ್ಧ ಮುಚ್ಚಿ, "ಹೂಂ ಹೂಂ, ಒಳ್ಳೇದೇ ಆಯ್ತು. ಈ ಸಲ ಎಕರೆಗೆ ಎಷ್ಟು ಮೂಟೆ ಬಂತು?" ಎಂದು ಕೇಳಿದರು. ತಮ್ಮ ಮಗನ ತಲೆನೋವನ್ನು ಗೇಲಿ ಮಾಡಿದರೆಂದು ಬನ್ನೂರಿನವರು ಅಂದೇ ಎದ್ದು ಹೋದರು.

ಈಗ ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿಯ ಫೆಬ್ರವರಿ. ಮಧುಶ್ರೀಗೆ ಮತ್ತೆ ಗಂಡು ಗೊತ್ತಾಗಿತ್ತು. ಟಿ. ನರಸೀಪುರದ ಗುರು, ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹುಡುಗ ಹುಡುಗಿ ಒಪ್ಪಿದ್ದರು, ವೈಶಾಖದಲ್ಲಿ ಮುಹೂರ್ತ. ಮಧುಶ್ರೀ ಯಾವತ್ತೂ ಇಲ್ಲದವಳು ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಿದ್ದಳು. ಹೆಂಡತಿ ಶಿವನಂಜಮ್ಮ ಗಂಡನನ್ನು ಅಡುಗೆಮನೆಗೆ ಕರೆದು ಎಚ್ಚರಿಕೆ ಕೊಟ್ಟಾಗಿತ್ತು.

"ಈ ಸಲ ನಿಮ್ ಬಾಯಿಂದ ಸಂಬಂಧ ಓಯ್ತು ಅಂದ್ರೆ, ಮಗ್ಳನ್ನೂ ಕರ್ಕೊಂಡು ಉಲ್ಲಳ್ಳಿಗೆ ನಮ್ಮಣ್ಣನ ಮನೆಗೆ ಓಗ್ಬುಡ್ತೀನಿ. ಆಮೇಕೆ ನೀವು, ನಿಮ್ ಕನ್ವರ್ಷನ್ನು."

ಶಿವನಂಜಮ್ಮ ಸುಮ್ಮನೆ ಬೆದರಿಸುವ ಜಾತಿಯವರಲ್ಲ. ಅದು ಚಾಮಯ್ಯನವರಿಗೆ ನಿಜವಾಗಿಯೂ ಗೊತ್ತಿದ್ದ ಕೆಲವೇ ವಿಷಯಗಳಲ್ಲಿ ಒಂದು.

ಗುರುವಾರ ಮಧ್ಯಾಹ್ನ ಕಚೇರಿಗೆ ಫೋನು ಬಂತು. ಮಾತಾಡಿದವರು ಗುರುವಿನ ತಂದೆ ಕೃಷ್ಣಕುಮಾರ್. ಅವರದು ತಲಕಾಡು ರಸ್ತೆಯಲ್ಲಿ ಟ್ರ್ಯಾಕ್ಟರು, ಟಿಲ್ಲರು ರಿಪೇರಿ ಮಾಡುವ ಗ್ಯಾರೇಜು. ಫೋನಿನ ಹಿಂದುಗಡೆ ಯಾರೋ ಬಿಡುವಿಲ್ಲದೆ ತಗಡು ಬಡಿಯುತ್ತಿದ್ದರು.

"ಬೀಗ್ರೆ, ಒಂದ್ ವಿಸ್ಯ. ನಮ್ ಮನೇಲಿ ಎಲ್ಡು ಕನ್ವರ್ಟಿಬಲ್ ಅವೆ."

ಚಾಮಯ್ಯನವರ ಬೆನ್ನು ನೆಟ್ಟಗಾಯಿತು. ಕನ್ವರ್ಟಿಬಲ್! ಎಂದರೆ ಕನ್ವರ್ಟ್ ಆಗಬಹುದಾದ ಜಮೀನು. ಇದನ್ನು ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನಿಗೆ ಬಿಡಿಸಿ ಹೇಳಬೇಕೆ?

"ಹೂಂ ಹೂಂ, ಹೇಳಿ ಬೀಗ್ರೆ."

"ಒಂದು ಅರವತ್ತೆರಡು, ಇನ್ನೊಂದು ಎಪ್ಪತ್ತೊಂದು."

ಚಾಮಯ್ಯನವರು ಕೈಗೆ ಸಿಕ್ಕ ಕಾಗದದ ಮೇಲೆ 'ಸ.ನಂ. 62, ಸ.ನಂ. 71' ಎಂದು ಬರೆದುಕೊಂಡರು. ಜಮೀನಿಗೆ ಸರ್ವೆ ನಂಬರಲ್ಲದೆ ಇನ್ನೇನು ಇರುತ್ತದೆ?

"ಅರವತ್ತೆರಡು ನಮ್ಮಪ್ಪಂದು. ಎಪ್ಪತ್ತೊಂದು ನಾನ್ ಮಾಡ್ಕಂಡಿದ್ದು. ಮದ್ವೇಲಿ ಮಕ್ಳಿಗೆ ಯಾವ್ದು ಕೊಡದು ಅಂತ ಅಪ್ಪಂಗೂ ನಂಗೂ ದಿನಾ ಜಗ್ಳ. ನೀವು ತಿಳ್ದೋರು. ಭಾನ್ವಾರ ಬಂದು ಎಲ್ಡೂ ನೋಡಿ, ಇಂಥದ್ದೇ ಅಂತ ಒಂದ್ ಮಾತು ಏಳ್ಬುಡಿ. ನೀವ್ ಏಳ್ದಂಗೆ."

"ಆರ್‌ಟಿಸಿ ಎಲ್ಲಾ ಸರಿಯಾಗಿದ್ಯಾ?" ಎಂದರು ಚಾಮಯ್ಯನವರು. ಆರ್‌ಟಿಸಿ ಎಂದರೆ ಜಮೀನಿನ ಪಹಣಿ. ತಗಡಿನ ಸದ್ದಿನಲ್ಲಿ ಆ ಕಡೆಯವರಿಗೆ ನಡುವಿನ ಅಕ್ಷರ ಕೇಳಿಸಲಿಲ್ಲ.

"ಆರ್‌ಸಿ ತಾನೆ? ಎಲ್ಡುದ್ದೂ ನಮ್ ಎಸ್ರಲ್ಲೇ ಅದೆ."

"ನೀರಿಗೆ?"

"ನೀರು ದಿನಾ ಬೆಳಿಗ್ಗೆ ನಾನೇ ನೋಡ್ಕತೀನಿ."

"ಬೋರು?"

"ಅರವತ್ತೆರಡಕ್ಕೆ ಎಲ್ಡ್ ಸಲ ಬೋರ್ ಮಾಡ್ಸಿವಿ, ಎಪ್ಪತ್ತೊಂದಕ್ಕೆ ಒಂದ್ಸಲ. ಇಂಜಿನ್ ಎಲ್ಡೂ ಬೆಣ್ಣೆ."

ಮೂರು ಬೋರ್‌ವೆಲ್! ಪಂಪ್‌ಸೆಟ್ಟಿಗೆ ಇಂಜಿನ್ನು ಬೇರೆ! ಚಾಮಯ್ಯನವರು ಅದನ್ನೂ ಬರೆದುಕೊಂಡರು. "ವಿಸ್ತೀರ್ಣ ಎಷ್ಟಾಗಬಹುದು?"

"ಎಲ್ಡೂ ಚಿಕ್ಕವೇ ಕಣ್ರೀ. ಗಂಡ ಎಂಡ್ತಿಗೆ ಸಾಕು. ಮೂರನೇವ್ರಿಗೆ ಜಾಗಿಲ್ಲ."

'ಮೂರನೆಯವರ ತಕರಾರು ಇಲ್ಲ' ಎಂದು ಬರೆದುಕೊಂಡು ಚಾಮಯ್ಯನವರು ಫೋನಿಟ್ಟರು. ಕೃಷ್ಣಕುಮಾರರ ತಂದೆ ರಂಗನಾಯಕರು ಹಿಂದೊಮ್ಮೆ ನೀಲಗಿರಿಯಲ್ಲಿ ಇಂಗ್ಲಿಷ್ ದೊರೆಯೊಬ್ಬನ ಹತ್ತಿರ ಡ್ರೈವರಾಗಿದ್ದರೆಂದೂ, ಮೇಲೆ ಛಾವಣಿಯಿಲ್ಲದ, ಬೇಕೆಂದಾಗ ಬಟ್ಟೆಯ ಮುಸುಕು ಎಳೆದುಕೊಳ್ಳುವ ಷೋಕಿ ಕಾರಿಗೆ ಆ ದೊರೆ 'ಕನ್ವರ್ಟಿಬಲ್' ಎನ್ನುತ್ತಿದ್ದನೆಂದೂ, ಆ ಒಂದು ಮಾತು ದೊರೆಯಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿತ್ತೆಂದೂ ನಾವು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಚಾಮಯ್ಯನವರಂತೂ ಕೇಳುವವರಲ್ಲ.

ಮನೆಯಲ್ಲಿ ಅವರು ಬಾಗಿಲು ಹಾಕಿ ಹೆಂಡತಿಗೆ ಸುದ್ದಿ ಹೇಳಿದರು. ಶಿವನಂಜಮ್ಮನಿಗೆ ನಂಬಿಕೆ ಬರಲಿಲ್ಲ.

"ಗಂಡಿನ ಕಡೆಯೋರು ಮದ್ವೆಗ್ ಮುಂಚೇನೆ ಜಮೀನು ಬರೀತಾರಾ? ಎಲ್ಲಾರಾ ಉಂಟಾ? ಇನ್ನೊಂದ್ ಸಲ ಕೇಳಿ ನೋಡಿ."

"ಕೇಳೋದೇನಿದೆ? ಕನ್ವರ್ಟಿಬಲ್ ಅಂದ್ರೇನು ಅಂತ ಈ ಜಿಲ್ಲೇಲಿ ನನಗೆ ಹೇಳಿಕೊಡೋರು ಯಾರಿದ್ದಾರೆ? ನೀನು ಮಾತ್ರ ಯಾರಿಗೂ ಹೇಳ್ಬೇಡ."

ಶಿವನಂಜಮ್ಮ ಯಾರಿಗೂ ಹೇಳಲಿಲ್ಲ, ಅಣ್ಣ ಬೋರಯ್ಯನನ್ನು ಬಿಟ್ಟು. ಹಿಂದಿನ ಮನೆಯ ಮರಿತಾಯಮ್ಮ ಮಾತ್ರ ಬಟ್ಟೆ ಒಣಗಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಅವಳೇ ಬಂದು, ಲೇಔಟ್ ಆದರೆ ಮೂಡಲ ಬಾಗಿಲಿನದು ಒಂದು ಸೈಟು ತನಗಿರಲಿ ಎಂದಳು. ಬೋರಯ್ಯ ಹುಲ್ಲಹಳ್ಳಿಯ ಮೊದಲ ಬಸ್ಸಿಗೇ ಬಂದಿಳಿದ. ಅವನಿಗೆ ಜಗಳದ ಜಮೀನು ಎಂದರೆ ಹಬ್ಬ.

"ಒಂದ್ ಯಾಕ್ ಬಾವ, ಎಲ್ಡೂ ಕೇಳ್ಬುಡಣ. ನಮ್ ಉಡುಗಿ ಅಂದ್ರೆ ಸಾಮಾನ್ಯವಾ? ಮಾತು ನಾನಾಡ್ತೀನಿ, ನೀವ್ ಸುಮ್ಕೆ ಕೂತಿರಿ."

ಕಚೇರಿಯ ಸರ್ವೆಯರ್ ಸಣ್ಣಯ್ಯ ಚೈನು ಸಮೇತ ಬರಲು ಒಪ್ಪಿದ. ಅವನು ಕೈಗೆ ಚೈನು ಕೊಟ್ಟು ಏನನ್ನು ತೋರಿಸಿದರೂ ಅಳೆಯುವ ಮನುಷ್ಯ, ಯಾಕೆ ಎಂದು ಕೇಳುವ ಅಭ್ಯಾಸ ಅವನಿಗಿಲ್ಲ. ಚಾಮಯ್ಯನವರು ಶನಿವಾರ ಕೂತು ಒಂದು ತುಲನಾ ತಃಖ್ತೆ ತಯಾರಿಸಿದರು. ಎಡಗಡೆ ಅಂಶಗಳು, ಬಲಗಡೆ ಅರವತ್ತೆರಡಕ್ಕೊಂದು, ಎಪ್ಪತ್ತೊಂದಕ್ಕೊಂದು ಖಾಲಿ ಅಂಕಣ. ಮಣ್ಣಿನ ಗುಣ, ನಾಲ್ಕು ಗಡಿಯ ಚಕ್ಕುಬಂದಿ, ಒತ್ತುವರಿ, ನೀರಿನ ಮೂಲ, ಹೀಗೆ ಹನ್ನೊಂದು ಅಂಶ, ಕೆಳಗೆ ಸಹಿಗೆ ಜಾಗ.

ಭಾನುವಾರ ಹತ್ತು ಗಂಟೆಗೆ ಮೂವರೂ ನರಸೀಪುರದಲ್ಲಿ ಇಳಿದರು. ಗ್ಯಾರೇಜಿನ ಹಿಂದೆಯೇ ಬೀಗರ ಮನೆ. ಜಗುಲಿಯ ಮೇಲೆ ಎಪ್ಪತ್ತೈದರ ರಂಗನಾಯಕರು ಖಾಕಿ ಕೋಟು ತೊಟ್ಟು ಕೂತಿದ್ದರು. ಅವರ ಹೆಂಡತಿ ರಾಮಮ್ಮ ಮಜ್ಜಿಗೆ ತಂದುಕೊಟ್ಟು, ಸಣ್ಣಯ್ಯನ ಚೀಲದಿಂದ ಇಣುಕುತ್ತಿದ್ದ ಚೈನನ್ನು ಒಂದು ಸಲ ನೋಡಿ, ಏನೂ ಕೇಳದೆ ಒಳಗೆ ಹೋದರು. ಗುರು ಬಂದು ಕೈ ಮುಗಿದು ಕಂಬಕ್ಕೆ ಒರಗಿ ನಿಂತ.

"ಮೊದ್ಲು ನೋಡ್ಬುಡಣ, ಆಮೇಲೆ ಊಟ," ಎಂದರು ಕೃಷ್ಣಕುಮಾರ್.

"ಎಷ್ಟು ದೂರ ಬೀಗ್ರೆ?"

"ದೂರ ಎಲ್ಲಿ ಬಂತು? ಇಲ್ಲೇ ಇತ್ಲಲ್ಲಿ."

ಮನೆಗೆ ಅಂಟಿಕೊಂಡ ಜಮೀನು! ಬೋರಯ್ಯ ಚಾಮಯ್ಯನವರ ಪಕ್ಕೆಗೆ ತಿವಿದ. ಹಿತ್ತಲಿನಲ್ಲಿ ಒಂದು ದೊಡ್ಡ ಶೆಡ್ಡು. ಕೃಷ್ಣಕುಮಾರ್ ಬಾಗಿಲು ತೆಗೆದರು. ಒಳಗೆ ಟಾರ್ಪಾಲು ಹೊದ್ದ ಎರಡು ಆಕಾರಗಳು. ಒಂದರ ಟಾರ್ಪಾಲನ್ನು ಅಪ್ಪ ಎಳೆದರು, ಇನ್ನೊಂದರದನ್ನು ಮಗ.

"ಇದು ಅರವತ್ತೆರಡು," ಎಂದರು ರಂಗನಾಯಕರು.

"ಇದು ಎಪ್ಪತ್ತೊಂದು," ಎಂದರು ಕೃಷ್ಣಕುಮಾರ್.

ಎರಡೂ ಕಾರುಗಳು. ಎರಡಕ್ಕೂ ತಲೆಯ ಮೇಲೆ ಏನೂ ಇಲ್ಲ. ಒಂದೇ ಕಂಪನಿಯವು, ಅರವತ್ತೆರಡರ ಹಳೇ ಮಾದರಿ ಒಂದು, ಅದರ ನಂತರ ಬಂದ ಎಪ್ಪತ್ತೊಂದರ ಮಾದರಿ ಇನ್ನೊಂದು. ಹಳೆಯದು ಹಾಲಿನ ಕೆನೆಯ ಬಣ್ಣ, ಹೊಸದು ಕಡುಗೆಂಪು.

ಗುರುವಾರದ ಫೋನಿನ ಒಂದೊಂದು ಮಾತೂ ಚಾಮಯ್ಯನವರ ತಲೆಯೊಳಗೆ ಮಗುಚಿ ಬಿತ್ತು. ಆರ್‌ಸಿ ಎಂದರೆ ಗಾಡಿಯ ಪುಸ್ತಕ. ಬೋರ್ ಮಾಡಿಸಿದ್ದು ಇಂಜಿನ್ನಿನ ಸಿಲಿಂಡರನ್ನು. ನೀರು ಹಾಕುವುದು ರೇಡಿಯೇಟರಿಗೆ. ಗಂಡ ಹೆಂಡತಿಗೆ ಸಾಕು, ಯಾಕೆಂದರೆ ಇರುವುದೇ ಎರಡು ಸೀಟು! ಮದುವೆಯಾದ ಮೇಲೆ ನಂಜನಗೂಡಿನಿಂದ ಹೆಣ್ಣನ್ನು ಕೂರಿಸಿಕೊಂಡು ಬರುವುದಕ್ಕೆ ಯಾವ ಕಾರು ಎಂಬುದಷ್ಟೇ ಇವರ ಪ್ರಶ್ನೆ. ಅದಕ್ಕೆ ತಾವು ಸರ್ವೆಯರನ್ನೂ ಚೈನನ್ನೂ ಬೋರಯ್ಯನನ್ನೂ ಕರೆತಂದಿದ್ದರು. ಬೀಗರ ಆಸ್ತಿ ಅಳೆಯಲು ಬಂದವರೆಂದು ಗೊತ್ತಾದರೆ ಈ ಮದುವೆ ಇಲ್ಲಿಗೇ ಮುಗಿಯಿತು. ಅವರಿಗೆ ಹುಲ್ಲಹಳ್ಳಿಯ ಬಸ್ಸು ಹತ್ತುತ್ತಿರುವ ಶಿವನಂಜಮ್ಮನೂ, ಅವಳ ಹಿಂದೆ ಹಾಡು ನಿಲ್ಲಿಸಿದ ಮಗಳೂ ಕಂಡರು.

"ಬಾವ," ಎಂದು ಬೋರಯ್ಯ ಕಿವಿಯಲ್ಲಿ ಉಸುರಿದ, "ಜಮೀನಿಗೆ ಈ ಗಾಡೀಲಿ ಓಗದಾ?"

"ಬಾಯ್ ಮುಚ್ಚು."

"ಯಾಕೆ? ಎಲ್ರೂ ಕೂರಕ್ಕಾಗಲ್ವಲ್ಲ ಅಂದೆ."

"ಬೋರಯ್ಯ, ನೀನು ಹಿಂದುಗಡೆ ಹೋಗಿ ಕಲ್ಲು ಎಲ್ಲಿದೆ ನೋಡ್ಕೊಂಡು ಬಾ. ನಿಧಾನವಾಗಿ ನೋಡು. ಒಂದು ಗಂಟೆ ಆದ್ರೂ ಚಿಂತೆಯಿಲ್ಲ."

ಗಡಿಕಲ್ಲು ಹುಡುಕುವ ಕೆಲಸ ಸಿಕ್ಕಿದ ಬೋರಯ್ಯ ಹಿಗ್ಗಿನಿಂದ ಹೊರಟ. ಒಬ್ಬನನ್ನು ಸಾಗಿಸಿ ಚಾಮಯ್ಯನವರು ತಿರುಗುವಷ್ಟರಲ್ಲಿ, ಅವರ ಜೇಬಿನಿಂದ ಇಣುಕುತ್ತಿದ್ದ ತಃಖ್ತೆ ರಂಗನಾಯಕರ ಕೈಯಲ್ಲಿತ್ತು. ಮುದುಕರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

"ಮಣ್ಣಿನ ಗುಣ..." ಎಂದು ನಿಲ್ಲಿಸಿದರು.

ಕೃಷ್ಣಕುಮಾರ್ ಹುಬ್ಬು ಗಂಟಿಕ್ಕಿ ಹತ್ತಿರ ಬಂದರು.

"ಮಡ್‌ಗಾರ್ಡು ಕಣ್ಲಾ!" ಎಂದರು ರಂಗನಾಯಕರು ಮಗನಿಗೆ. "ಮಣ್ಣು ತಡ್ಯೋದು ಯಂಗದೆ ಅಂತ ಕೇಳವ್ರೆ. ಆಮೇಲೆ ಚಕ್ಕುಬಂದಿ."

"ಚಕ್ರ," ಎಂದರು ಕೃಷ್ಣಕುಮಾರ್.

"ನಾಕೂ ಚಕ್ರದ ಬಂದೋಬಸ್ತು. ಒತ್ತುವರಿ ಅಂದ್ರೆ... ಒತ್ತಿ ನೆಗ್ಗಿರೋದು. ಡೆಂಟು! ನೀರಿನ ಮೂಲ, ರೇಡಿಯೇಟ್ರು. ಹನ್ನೊಂದ್ ಬರ್ದವ್ರೆ ಕಣ್ಲಾ, ಹನ್ನೊಂದು! ನೀನ್ ಮೂವತ್ತು ವರ್ಸ ಗ್ಯಾರೇಜ್ ಮಡ್ಗಿವ್ನಿ ಅಂತೀಯ, ಇಂಗೆ ಒಂದಿನಾನಾದ್ರೂ ಬರ್ದು ನೋಡಿದ್ಯಾ?"

"ಆಫೀಸ್‌ನೋರು ಅಂದ್ರೆ ಆಫೀಸ್‌ನೋರೆಯ," ಎಂದು ಕೃಷ್ಣಕುಮಾರ್ ಚಾಮಯ್ಯನವರನ್ನು ಹೊಸದಾಗಿ ನೋಡಿದರು. "ಎಲ್ಲ್ ಕಲ್ತ್ರಿ ಬೀಗ್ರೆ ಇದ್ನೆಲ್ಲ?"

"ಹೂಂ ಹ," ಎಂದರು ಚಾಮಯ್ಯನವರು. ಎರಡನೆಯ ಹೂಂ ಗಂಟಲಿನಲ್ಲೇ ಉಳಿಯಿತು.

ಅಷ್ಟರಲ್ಲಿ ಸಣ್ಣಯ್ಯ ಚೀಲದಿಂದ ಝಣಝಣ ಎಂದು ಚೈನು ಹೊರಗೆಳೆದ. ಎಲ್ಲರೂ ಅತ್ತ ತಿರುಗಿದರು.

"ಇದ್ಯಾತಕ್ಕೆ?" ಎಂದರು ರಂಗನಾಯಕರು.

"ಅದು... ಛತ್ರದ ಬೀದಿ ಕಿರಿದು. ಗಾಡಿ ತಿರುಗುತ್ತೋ ಇಲ್ಲವೋ ಅಂತ ಅಳತೆಗೆ. ಸಣ್ಣಯ್ಯ, ಎರಡನ್ನೂ ಅಳಿ."

ಸಣ್ಣಯ್ಯ ಯಾಕೆ ಎನ್ನಲಿಲ್ಲ. ಮೂವತ್ತಮೂರು ಅಡಿಯ ಚೈನನ್ನು ಕಾರಿನ ಮೂತಿಯಿಂದ ಬಾಲದವರೆಗೆ ಎಳೆದು, ಹೊಲದಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದ: "ಅರವತ್ತೆರಡು! ಉದ್ದ ಆರೂಕಾಲು ಆಣೆ! ಅಗಲ ಎರಡೂವರೆ ಆಣೆ!" ಸರ್ವೆಯವರ ಲೆಕ್ಕದಲ್ಲಿ ಒಂದು ಆಣೆ ಎಂದರೆ ಎರಡು ಅಡಿ ಚಿಲ್ಲರೆ. ಎಪ್ಪತ್ತೊಂದೂ ಹೆಚ್ಚು ಕಡಿಮೆ ಅಷ್ಟೇ ಬಂತು. "ಎರಡಕ್ಕೂ ಒತ್ತುವರಿ ಇಲ್ಲ," ಎಂದು ಅವನು ಅಭ್ಯಾಸಬಲದಿಂದ ಸೇರಿಸಿದ. ಅಪ್ಪ ಮಗ ಇಬ್ಬರೂ ಹೆಮ್ಮೆಯಿಂದ ತಲೆಯಾಡಿಸಿದರು.

ಇಲ್ಲಿಗೆ ಒಂದು ಗಂಡಾಂತರ ಕಳೆಯಿತೆಂದು ಚಾಮಯ್ಯನವರು ಬೆವರೊರೆಸಿಕೊಂಡರು. ನಿಜವಾದ ಗಂಡಾಂತರ ಈಗ ಶುರುವಾಯಿತು.

"ಕೂತ್ ನೋಡಿ," ಎಂದು ರಂಗನಾಯಕರು ಅವರನ್ನು ಅರವತ್ತೆರಡರಲ್ಲಿ ಕೂರಿಸಿದರು. ಕೂತರೆ ನೆಲ ಕೈಗೆ ಎಟಕುವಷ್ಟು ತಗ್ಗು. "ಬಾಗ್ಲಿಗೆ ಒರಗೆ ಇಡಿ ಇಲ್ಲ, ನೋಡುದ್ರಾ? ಕೈ ಒಳಕ್ಕೆ ಬುಟ್ಟು ಅಗ್ಗ ಎಳೀಬೇಕು. ಕಿಟಕಿ ಗಾಜೂ ಇಲ್ಲ. ಕಡ್ಡಿ ಚಕ್ರ, ಮರದ ಸ್ಟೇರಿಂಗು. ಗಾಳಿ ಮಖಕ್ಕೆ ಒಡೀಬೇಕು. ಅದುಕ್ಕೆ ಕನ್ವರ್ಟಿಬಲ್ ಅನ್ನದು."

"ಮಳೆ ಬಂದ್ರೆ ಏಳಪ್ಪ," ಎಂದರು ಕೃಷ್ಣಕುಮಾರ್. "ಅದರ ಮುಸುಕು ಕಟ್ಟಕ್ಕೆ ಇಬ್ರು ಆಳು, ಅರ್ಧ ಗಂಟೆ ಬೇಕು. ಕಟ್ಟೋ ಒತ್ಗೆ ಮಳೆ ನಿಂತಿರ್ತದೆ. ಬನ್ನಿ ಬೀಗ್ರೆ, ಇದ್ರಲ್ಲಿ ಕೂರಿ. ಗಾಜು ಸುತ್ತಿದ್ರೆ ಮೇಲಕ್ಕೆ ಬತ್ತದೆ. ಮುಸುಕು ಒಬ್ನೇ ಎಳೀಬೋದು. ಮೊದಲ್ನೇ ಗೇರಿಗೆ ಕಿರ್ರ್ ಅನ್ನಲ್ಲ. ಮೈಸೂರಲ್ಲಿ ತಗಡಿನ ಲೆಕ್ಕದಲ್ಲಿ ಬಿದ್ದಿದ್ದನ್ನ ತಂದು ಆರ್ ವರ್ಸ ಕೂತು ಮಾಡಿವ್ನಿ."

"ಅದು ಕಾರಲ್ಲ ಕಣ್ರೀ, ಕಿಟಕಿ ಮಡ್ಗಿರೋ ಮನೆ," ಎಂದರು ಮುದುಕರು.

"ಅಪ್ಪಂದು ಕಾರಲ್ಲ, ಬಚ್ಚಲು. ಬಗ್ಗಿ ಇಳೀಬೇಕು."

ಇಬ್ಬರೂ ಇಂಜಿನ್ ಚಾಲೂ ಮಾಡಿದರು. ಅರವತ್ತೆರಡು ಗುಡುಗಿತು, ಎಪ್ಪತ್ತೊಂದು ಗೊಣಗಿತು. ಶೆಡ್ಡಿನ ತಗಡು ಅದುರಿತು. ಚಾಮಯ್ಯನವರು ನಿಜವಾಗಿಯೂ ಎರಡನ್ನೂ ತೂಗಿ ನೋಡಿದರು. ಹಳೆಯದು ಕಣ್ಣಿಗೆ ಚೆನ್ನ, ಹೊಸದು ಸೊಂಟಕ್ಕೆ ಚೆನ್ನ. ಇದಕ್ಕಿಂತ ಹೆಚ್ಚಿನದು ಅವರ ತಲೆಗೆ ಹೊಳೆಯಲಿಲ್ಲ.

ಇಂಜಿನ್ನುಗಳು ನಿಂತವು. ಅಪ್ಪ ಮಗ ಎದುರು ಬದುರು ನಿಂತರು.

"ಈಗ ಏಳಿ," ಎಂದರು ರಂಗನಾಯಕರು. "ಅರವತ್ತೆರಡು ಅಲ್ಲ ಅಂದ್ರೆ ನಾನು ಮದ್ವೆ ದಿನ ಆ ಜಗಲಿ ಬುಟ್ಟು ಏಳಾಕಿಲ್ಲ."

"ಎಪ್ಪತ್ತೊಂದು ಅಲ್ಲ ಅಂದ್ರೆ ಮದ್ವೆ ಯಂಗ್ ನಡೀತದೋ ನಾನೂ ನೋಡ್ತೀನಿ," ಎಂದರು ಕೃಷ್ಣಕುಮಾರ್.

ಚಾಮಯ್ಯನವರು ಅತ್ತ ನೋಡಿದರು, ಇತ್ತ ನೋಡಿದರು. 'ಹೂಂ ಹೂಂ' ಎನ್ನುವುದಕ್ಕೂ ಒಂದು ಕಡೆ ಮುಖ ಮಾಡಿ ಅನ್ನಬೇಕಲ್ಲ. ಮುಖ ಎತ್ತ ಮಾಡಿದರೂ ಇನ್ನೊಂದು ಕಡೆಯಲ್ಲಿ ಮಗಳ ಮದುವೆ ನಿಲ್ಲುತ್ತದೆ.

ಆಗ ಬೋರಯ್ಯ ಬಂದ. ಕಾಲಿಗೆ ಮೊಣಕಾಲವರೆಗೆ ಕೆಸರು, ಪಂಚೆಗೆ ಅಂಟುಪುರಳೆ ಬೀಜ. ಹಿತ್ತಲಿನಾಚೆ ಪಕ್ಕದವರ ಭತ್ತದ ಗದ್ದೆಯನ್ನೆಲ್ಲ ಸುತ್ತಿ, ಯಾವ ಕಲ್ಲೂ ಸಿಗದೆ ತಾಳ್ಮೆ ಕೆಟ್ಟಿತ್ತು.

"ಬೀಗ್ರೆ, ಕಾರ್ ನೋಡಿದ್ದಾಯ್ತಲ್ಲ, ಮುಖ್ಯ ವಿಸ್ಯಕ್ಕೆ ಬರಣ," ಎಂದು ಸೊಂಟದ ಮೇಲೆ ಕೈಯಿಟ್ಟ. "ಅರವತ್ತೆರಡರ ಕಲ್ಲೆಲ್ಲಿ, ಎಪ್ಪತ್ತೊಂದರ ಕಲ್ಲೆಲ್ಲಿ? ನಮ್ ಉಡುಗಿ ಎಸ್ರಿಗೆ ಬರೆಯೋ ಜಮೀನು ಎಲ್ಲದೆ ತೋರ್ಸಿ."

"ಯಾವ್ ಜಮೀನು?" ಎಂದರು ಕೃಷ್ಣಕುಮಾರ್.

"ಅದೇ, ನೀವ್ ಫೋನ್ ಮಾಡಿದ್ದಲ್ಲ, ಕನ್ವರ್ಟಿಬಲ್ಲು. ಮೂರ್ ಬೋರಿರೋದು!"

ಕೃಷ್ಣಕುಮಾರರ ಕಣ್ಣು ಬೋರಯ್ಯನಿಂದ ಸಣ್ಣಯ್ಯನಿಗೆ, ಸಣ್ಣಯ್ಯನಿಂದ ಚೈನಿಗೆ, ಚೈನಿನಿಂದ ಅಪ್ಪನ ಕೈಯಲ್ಲಿದ್ದ ತಃಖ್ತೆಗೆ ಹೋಗಿ, ಕೊನೆಗೆ ಚಾಮಯ್ಯನವರ ಮೇಲೆ ನಿಂತಿತು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಚಾಮಯ್ಯನವರಿಗೆ ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಬೀಗ್ರೆ, ತಪ್ಪು ನಂದು. ಕನ್ವರ್ಟಿಬಲ್ ಅಂದ್ರೇನು ಅಂತ ನನಗೆ ಗೊತ್ತಿರ್ಲಿಲ್ಲ. ಕೇಳೋಕೆ ಅವಮಾನ ಅನ್ನಿಸ್ತು. ಕನ್ವರ್ಷನ್ ಆಗೋ ಜಮೀನು ಅಂದ್ಕೊಂಡೆ."

"ಅಂದ್ರೆ ಚೈನ್ ತಂದಿದ್ದು ನಮ್ ಆಸ್ತಿ ಅಳೆಯಕ್ಕೆ?" ಕೃಷ್ಣಕುಮಾರರ ಧ್ವನಿ ತಗ್ಗಿತು. ತಗ್ಗಿದ್ದು ಒಳ್ಳೆಯ ಲಕ್ಷಣವಾಗಿರಲಿಲ್ಲ. "ಇನ್ನೂ ಎಣ್ ಕೊಟ್ಟಿಲ್ಲ, ಆಗ್ಲೇ ಸರ್ವೆ! ಗುರು, ಇವ್ರನ್ನ ಬಸ್‌ಸ್ಟಾಂಡ್‌ಗೆ ಬುಟ್ಬಾ. ಇವ್ರಿಗೂ ನಮಗೂ ಇನ್ನು..."

"ಯಾಕ್ ಬುಡ್ಬೇಕು?"

ಮಾತಾಡಿದ್ದು ರಾಮಮ್ಮ. ಅನ್ನದ ಸೌಟು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಅವ್ರು ಕೇಳುದ್ರಲ್ಲಿ ತಪ್ಪೇನದೆ? ಜಮೀನೆಲ್ಲಿ, ಜಮೀನೆಲ್ಲಿ ಅಂತ ಮೂವತ್ತೊಂದ್ ವರ್ಸದಿಂದ ನಾನೂ ಕೇಳ್ತಾ ಇವ್ನಿ. ಇವತ್ತು ನನ್ ಕಡೆಗೆ ಮೂರ್ ಜನ ಬಂದವ್ರೆ, ಅವ್ರನ್ನೂ ಓಡ್ಸ್ತೀಯಾ?"

"ಅವ್ವ, ಆ ಮಾತು ಈಗ್ಯಾಕೆ," ಎಂದರು ಕೃಷ್ಣಕುಮಾರ್.

"ಈಗ್ಲೇ. ಬೀಗ್ರೆ, ಕೇಳಿ. ದೊರೆ ಸೀಮೆಗೆ ವಾಪಸ್ ಓಗುವಾಗ ಈ ಪುಣ್ಯಾತ್ಮನ್ನ ಕರ್ದು ಕೇಳ್ದ. ರಂಗ, ನಂಜನಗೂಡು ದಾಟಿ ಗುಂಡ್ಲುಪೇಟೆ ರಸ್ತೆಗೆ ನಂದು ನಾಕ್ ಎಕರೆ ಅದೆ, ಅದ್ ಬೇಕಾ, ಈ ಕನ್ವರ್ಟಿಬಲ್ ಬೇಕಾ ಅಂತ. ಮದ್ವೆ ವಯಸ್ಸಿಗ್ ಬಂದ ಮಗ, ಮನೇಲಿ ಒಪ್ಪೊತ್ತಿನ ಗಂಜಿ. ಈ ಯಪ್ಪ ಕಾರಲ್ಲಿ ಕೂತು ಪೋಂ ಪೋಂ ಅಂತ ಬಂತು. ಒಂದ್ ಮಾತು ನನ್ನ ಕೇಳ್ಲಿಲ್ಲ. ಅವತ್ತಿಂದ ನಾನು ಅದ್ರಲ್ಲಿ ಕೂತಿಲ್ಲ."

ರಂಗನಾಯಕರು ಅರವತ್ತೆರಡರ ಬಾಗಿಲ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು.

"ನೀವು ಆ ಆಫೀಸ್‌ನೋರಲ್ವಾ?" ಎಂದರು ರಾಮಮ್ಮ. "ಆ ನಾಕ್ ಎಕರೆ ಈಗ ಏನಾಗದೆ ಏಳಿ. ಒಂದ್ ಸಲ ಕೇಳ್ಬುಡ್ತೀನಿ."

ಚಾಮಯ್ಯನವರಿಗೆ ಗೊತ್ತಿತ್ತು. ಈ ಸಲ ನಿಜವಾಗಿ, ಪೂರ್ತಿಯಾಗಿ ಗೊತ್ತಿತ್ತು. ಆ ಕಡತ ಮೂರು ವರ್ಷದ ಹಿಂದೆ ಅವರ ಮೇಜಿನ ಮೇಲೆಯೇ ಹಾದು ಹೋಗಿತ್ತು. ಈಗ ಅಲ್ಲಿ ನಲವತ್ತು ಸೈಟು, ಒಂದು ಪೆಟ್ರೋಲ್ ಬಂಕು, ಎರಡಂತಸ್ತಿನ ಛತ್ರ. ಸರ್ವೆ ನಂಬರು ಸಮೇತ ಎಲ್ಲವೂ ನಾಲಿಗೆಯ ತುದಿಗೆ ಬಂತು. ಮುದುಕರು ತಲೆಯೆತ್ತಿ ಅವರನ್ನೇ ನೋಡಿದರು.

"ಗೊತ್ತಿಲ್ಲ ಕಣಮ್ಮ," ಎಂದರು ಚಾಮಯ್ಯನವರು. "ಆ ಕಡೆ ಕಡತ ನನ್ನ ಮೇಜಿಗೆ ಬರಲ್ಲ."

ಅದೇ ಜಮೀನನ್ನು ಸ್ವತಃ ಅಳೆದು ಬಂದಿದ್ದ ಸಣ್ಣಯ್ಯ ಬಾಯಿ ತೆರೆದ. ಚಾಮಯ್ಯನವರು ಅವನ ಪಾದದ ಮೇಲೆ ತಮ್ಮ ಪಾದವಿಟ್ಟು ಚೆನ್ನಾಗಿ ತುಳಿದರು. ಅವನು ಬಾಯಿ ಮುಚ್ಚಿದ. ರಂಗನಾಯಕರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಓಗ್ಲಿ ಬುಡಿ," ಎಂದರು ರಾಮಮ್ಮ. "ಈಗ ನಿಮ್ಮನ್ನ ಒಂದ್ ಕೇಳ್ತೀನಿ. ಅಪ್ಪ ಜಮೀನು ಬುಟ್ಟು ಕಾರ್ ತಂದ. ಮಗ ಅಪ್ಪನ್ನ ಬಾಯಿಗ್ ಬಂದಂಗೆ ಬಯ್ದು, ತಾನೂ ಒಂದು ತಂದ. ಮೂರನೇವ್ನು ಇಗೋ ಇಲ್ಲೇ ನಿಂತವ್ನೆ. ಇಂಥ ಮನೆಗೆ ನೀವು ಎಣ್ ಕೊಡ್ತೀರಾ?"

ಕೃಷ್ಣಕುಮಾರರ ಮುಖ ಬಿಳಿಚಿಕೊಂಡಿತು. ಹೆಣ್ಣಿನ ಕಡೆಯಿಂದಲೂ ಮದುವೆ ಮುರಿಯಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಚಾಮಯ್ಯನವರಿಗೂ ಹೊಳೆದಿರಲಿಲ್ಲ. ಅವರು ಬೆಳಗಿನಿಂದ ಮೊದಲ ಸಲ ಕಾರುಗಳನ್ನು ಬಿಟ್ಟು, ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ಹುಡುಗನನ್ನು ನೋಡಿದರು. ಮಗಳು ಬಾಳಬೇಕಾದದ್ದು ಇವನ ಜೊತೆಗೆ. ಇವನನ್ನು ಏನೂ ಕೇಳಿಯೇ ಇರಲಿಲ್ಲ.

"ಗುರು, ನಾಳೆ ನಿನ್ನನ್ನೂ ಯಾರಾದ್ರೂ ಕರೆದು, ಜಮೀನು ಬೇಕಾ ಕಾರು ಬೇಕಾ ಅಂತ ಕೇಳಿದ್ರೆ ಏನಂತೀಯಪ್ಪ?"

ಗುರು ಯೋಚಿಸಲೇ ಇಲ್ಲ. "ಮೊದ್ಲು ಮಧುಶ್ರೀನ ಕೇಳ್ಬೇಕು ಮಾವ."

ರಾಮಮ್ಮನ ಕೈಯ ಸೌಟು ಕೆಳಗಿಳಿಯಿತು. ಎಲ್ಲರೂ ಅವನನ್ನೇ ನೋಡಿದರು. ಗುರುವಿಗೆ ತಾನೇನೋ ತಪ್ಪು ಹೇಳಿದೆನೇನೋ ಎನ್ನಿಸಿ ಗಾಬರಿಯಾಯಿತು.

"ಈ ಕಾರಿನ ವಿಷ್ಯಾನೂ ಕೇಳ್ದೆ," ಎಂದು ಸೇರಿಸಿದ.

"ಯಾವಾಗ ಕೇಳಿದೆ?" ಎಂದರು ಚಾಮಯ್ಯನವರು.

"ಬುಧವಾರ. ಅವ್ರ ಟೈಪಿಂಗ್ ಕ್ಲಾಸ್ ಪಕ್ಕ ಎಸ್‌ಟಿಡಿ ಬೂತ್ ಇದ್ಯಲ್ಲ... ಬುಧವಾರ ಬುಧವಾರ ಅಲ್ಲಿಗೆ ಬರ್ತಾರೆ." ಹುಡುಗನ ಕಿವಿ ಕೆಂಪಾಯಿತು. ತಮ್ಮ ಮಗಳ ಟೈಪಿಂಗ್ ಯಾಕೆ ಮುಂದೆ ಹೋಗುತ್ತಿಲ್ಲ ಎಂಬುದು ಚಾಮಯ್ಯನವರಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು.

"ಏನಂದ್ಲು?" ಎಂದು ರಂಗನಾಯಕರು ಒಂದು ಹೆಜ್ಜೆ ಮುಂದೆ ಬಂದರು. ಕೃಷ್ಣಕುಮಾರರೂ ಬಂದರು. "ಅರವತ್ತೆರಡೋ ಎಪ್ಪತ್ತೊಂದೋ?"

"ಎರಡೂ ಬೇಡ್ವಂತೆ," ಎಂದ ಗುರು ತಲೆ ತಗ್ಗಿಸಿ. "ನಂಜನಗೂಡಿಂದ ಇಲ್ಲೀವರೆಗೆ ಆ ಗಾಳೀಲಿ ಬಂದ್ರೆ ಮೊಗ್ಗಿನ ಜಡೆ ದಾರೀಲೇ ಉದುರಿಹೋಗುತ್ತಂತೆ. ಮೇಲೆ ಮುಚ್ಚಿರೋ ಕಾರು ಯಾವುದಾದ್ರೂ ಬಾಡಿಗೆಗೆ ತಗೊಂಡು ಬನ್ನಿ ಅಂದ್ರು."

"ಮುಚ್ಚಿರೋದಾ!" ಎಂದು ಅಪ್ಪ ಮಗ ಇಬ್ಬರೂ ಒಟ್ಟಿಗೇ ಕೂಗಿದರು. ಕಾರಿನ ವಿಷಯದಲ್ಲಿ ಅವರಿಬ್ಬರ ಬಾಯಿಂದ ಒಂದೇ ಮಾತು ಬಂದದ್ದು ಅದೇ ಮೊದಲು.

ರಾಮಮ್ಮ ನಗತೊಡಗಿದರು. ಸೌಟನ್ನು ಎಪ್ಪತ್ತೊಂದರ ಬಾನೆಟ್ಟಿನ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಕಾರಿನ ಮೇಲೆ ಅನ್ನದ ಸೌಟು ಕಂಡರೂ ಕೃಷ್ಣಕುಮಾರ್ ತುಟಿ ಬಿಚ್ಚಲಿಲ್ಲ.

"ಮೂರ್ತ ಯಾವಾಗ ಬೀಗ್ರೆ?"

"ವೈಶಾಖದಲ್ಲಿ, ಅಮ್ಮಾ."

"ವೈಶಾಖ್ದ ಗಂಟ ಈ ಇಬ್ರ ಜತೆ ನಾನೊಬ್ಳೇ ಯಂಗ್ ಏಗ್ಲಿ?" ಎಂದರು ರಾಮಮ್ಮ. "ಆ ಉಡುಗೀನ ಬಿರ್ರನೆ ಕಳ್ಸಿಕೊಡಿ."